ಲಿವರ್ ಕ್ಯಾನ್ಸರ್ ಟೆಸ್ಟ್ ‘ಕಾಂಬೋ ಆಫರ್’ ಅಲ್ಲ ಕಣ್ರೋ

1/9

ಒಂದು ವಾರದಿಂದ ಕ್ಲಾಸ್ ಗ್ರೂಪಲ್ಲಿ, ಕಡೂರು-ಬೀರೂರು ಪೇಜ್‌ಗಳಲ್ಲಿ, ನಿಮ್ಮಲ್ಲಿ ಅರ್ಧ ಜನರ ಸ್ಟೋರಿಯಲ್ಲಿ ಒಂದೇ ಪೋಸ್ಟರ್. ‘ಫುಲ್ ಬಾಡಿ ಚೆಕಪ್. ಮನೆಗೇ ಬಂದು ರಕ್ತ ತಗೋತೀವಿ. ಇವತ್ತೇ ಬುಕ್ ಮಾಡಿದ್ರೆ ಕ್ಯಾನ್ಸರ್ ಮಾರ್ಕರ್ ಉಚಿತ.’ ಲ್ಯಾಬ್ ಹೆಸರು ಹೇಳಲ್ಲ. ಹೇಳಿದ್ರೆ ಅದೊಂದೇ ತಪ್ಪು ಮಾಡ್ತಿದೆ ಅನ್ನಿಸುತ್ತೆ, ಇಂಥವು ಊರಿಗೆ ನಾಲ್ಕು ಇವೆ. ಪೋಸ್ಟರ್ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಎಫ್‌ಪಿ’, ಪಕ್ಕದಲ್ಲಿ ‘ಲಿವರ್ ಕ್ಯಾನ್ಸರ್ ಮೊದಲೇ ಪತ್ತೆ’.

ನನಗೆ ಈ ಪೋಸ್ಟರ್ ಮೇಲೆ ಸಿಟ್ಟಿದೆ. ಟೆಸ್ಟೇ ಮೋಸ ಅಂತ ಅಲ್ಲ. ಬೇಡದವರಿಗೆ ಇದನ್ನ ಮಾರ್ತಿದ್ದಾರೆ, ಬೇಕಾದವರಿಗೆ ಯಾರೂ ಹೇಳ್ತಿಲ್ಲ. ಆ ಎರಡನೇದು ಜೀವ ಹೋಗೋ ವಿಷಯ.

‘ನೀನು ಬಿಕಾಂ, ನಿನಗ್ಯಾಕೆ ಡಾಕ್ಟರ್ ಕೆಲಸ’ ಅಂತ ಆಗಲೇ ಒಬ್ಬ ಡಿಎಂ ಹಾಕಿದಾನೆ. ಮಾರಾಯ, ಇದರಲ್ಲಿ ಅರ್ಧ ಲೆಕ್ಕಾಚಾರ. ಲೆಕ್ಕ ನಮ್ಮ ಸಬ್ಜೆಕ್ಟು. ಪೂರ್ತಿ ಓದಿ ಆಮೇಲೆ ಬೈಯಿ.

2/9

ಎಎಫ್‌ಪಿ ಅಂದ್ರೆ ಆಲ್ಫಾ ಫೀಟೋಪ್ರೋಟೀನ್. ಹೊಟ್ಟೆಯಲ್ಲಿರೋ ಮಗುವಿನ ಲಿವರ್ ತಯಾರಿಸೋ ಪ್ರೋಟೀನ್ ಇದು. ಹುಟ್ಟಿದ ಮೇಲೆ ಮೊದಲ ವರ್ಷದೊಳಗೆ ಇಳಿದು ಹೋಗುತ್ತೆ, ದೊಡ್ಡವರ ರಕ್ತದಲ್ಲಿ ಲೆಕ್ಕಕ್ಕೇ ಇಲ್ಲ ಅನ್ನೋಷ್ಟು ಕಮ್ಮಿ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ತಂಡ ಲಿವರ್ ಗಡ್ಡೆ ಇದ್ದ ಇಲಿಗಳಲ್ಲಿ ಇದು ಮತ್ತೆ ಕಾಣಿಸಿಕೊಳ್ಳೋದನ್ನ ನೋಡ್ತು. ಮರುವರ್ಷ ಟಟಾರಿನೋವ್ ಅನ್ನೋರು ಲಿವರ್ ಕ್ಯಾನ್ಸರ್ ಇದ್ದ ಮನುಷ್ಯನ ರಕ್ತದಲ್ಲೂ ಕಂಡರು. ಕ್ಯಾನ್ಸರ್ ಜೀವಕೋಶ ತಾನು ಮಗು ಆಗಿದ್ದಾಗಿನ ಬುದ್ಧಿಗೆ ವಾಪಸ್ ಹೋಗುತ್ತೆ ಅಂದ್ಕೊಳ್ಳಿ.

ಅಂದ್ರೆ ಈ ಟೆಸ್ಟ್‌ಗೆ 60 ವರ್ಷ ದಾಟಿದೆ. ನಮ್ಮ ಕೈಲಿರೋ ಫೋನ್ ವರ್ಷಕ್ಕೊಮ್ಮೆ ಬದಲಾಗುತ್ತೆ, ಲಿವರ್ ಕ್ಯಾನ್ಸರ್ ಹುಡುಕೋಕೆ ಮಾತ್ರ ನಮ್ಮ ಅಜ್ಜ ಕಾಲೇಜಿಗೆ ಹೋಗ್ತಿದ್ದ ಕಾಲದ ಮಾರ್ಕರ್ರೇ ಇನ್ನೂ ಮುಖ್ಯ ಮಾರ್ಕರ್. ಅದರ ತೊಂದರೆ ಏನು ಅಂತ ಎಲ್ಲ ಲಿವರ್ ಡಾಕ್ಟರಿಗೂ ಗೊತ್ತು. ಲಿವರ್ ಕ್ಯಾನ್ಸರ್ ಇರೋ ಮೂರು ಜನರಲ್ಲಿ ಸುಮಾರು ಒಬ್ಬರಿಗೆ ಇದು ಏರೋದೇ ಇಲ್ಲ. ಗಡ್ಡೆ ಸಣ್ಣದಿದ್ದಾಗ ಅಂತೂ, ಅಂದ್ರೆ ಹಿಡಿದರೆ ಪ್ರಯೋಜನ ಆಗೋ ಹೊತ್ತಲ್ಲಿ, ತಪ್ಪಿಸಿಕೊಳ್ಳೋದು ಇನ್ನೂ ಜಾಸ್ತಿ. ಇನ್ನೊಂದು ಕಡೆ ಕ್ಯಾನ್ಸರ್ ಇಲ್ಲದೇನೂ ಏರುತ್ತೆ: ಹೆಪಟೈಟಿಸ್ ಜೋರಾದಾಗ, ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದಾಗ, ವೃಷಣದ ಕೆಲವು ಗಡ್ಡೆಗಳಲ್ಲಿ. ಮತ್ತೆ ಗರ್ಭಿಣಿಯರಲ್ಲಿ, ಅದು ಪೂರಾ ಸಹಜವಾಗಿ. ಬಸುರಿ ಅಕ್ಕನಿಗೆ ‘ಉಚಿತ ಕ್ಯಾನ್ಸರ್ ಮಾರ್ಕರ್’ ಮಾಡಿಸಿ, ರಿಪೋರ್ಟಲ್ಲಿ ಕೆಂಪು ಗುರುತು ನೋಡಿ ಮನೆಯೆಲ್ಲಾ ಅತ್ತರೆ ಆ ಲ್ಯಾಬ್‌ನೋರು ಬಂದು ಸಮಾಧಾನ ಮಾಡ್ತಾರಾ?

3/9

ಈಗ ಲೆಕ್ಕ. ಅಂಕಿ ನಾನು ಉದಾಹರಣೆಗೆ ಇಟ್ಟುಕೊಂಡಿದ್ದು, ಲ್ಯಾಬ್ ಪರವಾಗೇ ಉದಾರವಾಗಿ ಇಟ್ಟಿದೀನಿ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸೇರಿಸಿ 10,000 ಆರೋಗ್ಯವಂತ ಯುವಕ ಯುವತಿಯರು ಈ ಪ್ಯಾಕೇಜ್ ತಗೊಂಡ್ರು. ಅವರಲ್ಲಿ ನಿಜವಾಗಿ ಲಿವರ್ ಕ್ಯಾನ್ಸರ್ ಇರೋರು ಇಬ್ಬರು ಅನ್ಕೊಳ್ಳಿ (ಅದೇ ಜಾಸ್ತಿ ಆಯ್ತು). ಟೆಸ್ಟ್ 100ಕ್ಕೆ 60 ಕೇಸ್ ಹಿಡಿಯುತ್ತೆ, ಕಾಯಿಲೆ ಇಲ್ಲದವರಲ್ಲಿ 100ಕ್ಕೆ ಇಬ್ಬರಿಗೆ ಮಾತ್ರ ಸುಳ್ಳು ಪಾಸಿಟಿವ್ ಕೊಡುತ್ತೆ. ಫಲಿತಾಂಶ: ಇಬ್ಬರಲ್ಲಿ ಒಬ್ಬರು ಸಿಕ್ಕರು. ಜೊತೆಗೆ ಏನೂ ಇಲ್ಲದ 200 ಜನಕ್ಕೆ ‘ನಿಮಗೆ ಕ್ಯಾನ್ಸರ್ ಇರಬಹುದು’ ಅಂತ ಕಾಗದ. ಆ 200 ಮನೆಯವರು ಶಿವಮೊಗ್ಗಕ್ಕೋ ಹಾಸನಕ್ಕೋ ಓಡ್ತಾರೆ, ಸಿಟಿ ಸ್ಕ್ಯಾನ್ ಮಾಡಿಸ್ತಾರೆ, ತೆಂಗಿನಕಾಯಿ ಮಾರಿದ ದುಡ್ಡು ಅಲ್ಲಿಗೆ ಹೋಗುತ್ತೆ. ತಪ್ಪಿಸಿಕೊಂಡ ಆ ಇನ್ನೊಬ್ಬ ‘ನಾರ್ಮಲ್’ ರಿಪೋರ್ಟ್ ಫ್ರೇಮ್ ಹಾಕಿಸಿ ನೆಮ್ಮದಿಯಾಗಿ ಇರ್ತಾನೆ.

ಈಗ ಅದೇ ಟೆಸ್ಟನ್ನ ಸಿರೋಸಿಸ್ ಇರೋ 1,000 ಜನಕ್ಕೆ ಮಾಡಿ. ಸಿರೋಸಿಸ್ ಆದವರಲ್ಲಿ ವರ್ಷಕ್ಕೆ 100ಕ್ಕೆ ಒಬ್ಬರಿಂದ ನಾಲ್ಕು ಜನಕ್ಕೆ ಲಿವರ್ ಕ್ಯಾನ್ಸರ್ ಬರುತ್ತೆ. 2 ಅಂತ ಹಿಡಿದ್ರೆ 20 ಜನ. ಇವರ ಲಿವರ್ ಮೊದಲೇ ಕೆಟ್ಟಿರೋದ್ರಿಂದ ಸುಳ್ಳು ಪಾಸಿಟಿವ್ 100ಕ್ಕೆ 10 ಇಟ್ಟುಕೊಳ್ಳೋಣ. 20ರಲ್ಲಿ 12 ಜನ ಸಿಕ್ಕರು, ಸುಳ್ಳು ಪಾಸಿಟಿವ್ 98. ಅಂದ್ರೆ ಪಾಸಿಟಿವ್ ಬಂದ ಒಂಬತ್ತು ಜನರಲ್ಲಿ ಒಬ್ಬರಿಗೆ ನಿಜ. ಮೊದಲನೇ ಗುಂಪಲ್ಲಿ 201ರಲ್ಲಿ ಒಬ್ಬರು. ಯಂತ್ರ ಅದೇ, ಬಾಟಲಿಯಲ್ಲಿರೋ ಕೆಮಿಕಲ್ ಅದೇ. ಯಾರ ರಕ್ತ ಅನ್ನೋದರ ಮೇಲೆ ಟೆಸ್ಟಿನ ಬೆಲೆ ನಿಂತಿದೆ.

ಮತ್ತೆ ಆ ಎರಡನೇ ಲೆಕ್ಕದಲ್ಲಿ ತಪ್ಪಿಹೋದ 8 ಜನ ಇದ್ದಾರೆ, ಗಮನಿಸಿದ್ರಾ? ಹೊಸ ಮಾರ್ಕರ್ ಬೇಕಾಗಿರೋದು ಅವರಿಗೆ.

4/9

ಒಂದು ಮನೆ ವಿಷಯ. ಅಜ್ಜಂಪುರ ಕಡೆಯ ನಮ್ಮ ದೊಡ್ಡಪ್ಪ ಒಬ್ಬರು, ಈರುಳ್ಳಿ-ಆಲೂಗಡ್ಡೆ ವ್ಯಾಪಾರ. ಸುಮಾರು ಹತ್ತು ವರ್ಷದ ಹಿಂದೆ ಒಂದು ಶಿಬಿರದಲ್ಲಿ ರಕ್ತ ಕೊಟ್ಟಿದ್ದರು. ಆಮೇಲೆ ಫೋನ್ ಬಂತು: ‘ನಿಮ್ಮ ರಕ್ತ ಬೇಡ, ಮುಂದೆಯೂ ಕೊಡಬೇಡಿ.’ ಅಷ್ಟೇ. ಯಾಕೆ ಅಂತ ಕೇಳಿದ್ದಕ್ಕೆ ‘ಹೆಪಟೈಟಿಸ್ ಬಿ’ ಅಂದ್ರಂತೆ. ಮುಂದೇನು ಮಾಡಬೇಕು ಅಂತ ಹೇಳಿಲ್ಲ. ದೊಡ್ಡಪ್ಪ ರಕ್ತ ಕೊಡೋದು ನಿಲ್ಲಿಸಿದರು, ವಿಷಯ ದೊಡ್ಡಮ್ಮನಿಗೂ ಹೇಳಲಿಲ್ಲ. ಕಳೆದ ವರ್ಷ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಆಯ್ತು. ಗಡ್ಡೆ ಒಂದಲ್ಲ, ಮೂರು. ಆಪರೇಷನ್ ಮಾತೇ ಇರಲಿಲ್ಲ.

ನಮ್ಮ ದೇಶದಲ್ಲಿ ದಾನ ಮಾಡಿದ ಪ್ರತಿ ಯೂನಿಟ್ ರಕ್ತಕ್ಕೂ ಐದು ಟೆಸ್ಟ್ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಅಂದ್ರೆ ಯಾರಿಗೆ ಅಪಾಯ ಅಂತ ವ್ಯವಸ್ಥೆಗೆ ಆವತ್ತೇ ಗೊತ್ತಿತ್ತು. ರಕ್ತ ಎಸೆದರು, ಸರಿ. ಮನುಷ್ಯನನ್ನೂ ಅದರ ಜೊತೆ ಎಸೆದುಬಿಟ್ಟರಲ್ಲ.

ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದರೆ ಸಿರೋಸಿಸ್ ಆಗದೇನೂ ಲಿವರ್ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಇವರಲ್ಲಿ ಬಹುಪಾಲು ಜನಕ್ಕೆ ತಮಗಿದೆ ಅಂತಲೇ ಗೊತ್ತಿಲ್ಲ.

5/9

‘ಸರಿ, ಅಪಾಯ ಇರೋರಿಗೆ ಸ್ಕ್ಯಾನ್ ಮಾಡಿಸಿದ್ರೆ ಆಯ್ತಲ್ಲ, ಹೊಸ ಬ್ಲಡ್ ಮಾರ್ಕರ್ ಯಾಕೆ?’ ಇದು ಒಳ್ಳೇ ಪ್ರಶ್ನೆ, ಒಬ್ಬಳು ಕೇಳಿದ್ದಳು.

ಈಗಿನ ಪದ್ಧತಿ ಆರು ತಿಂಗಳಿಗೊಮ್ಮೆ ಹೊಟ್ಟೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ. ಹಲವು ಅಧ್ಯಯನ ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಸಿರೋಸಿಸ್ ಇರೋರಲ್ಲಿ ಅಲ್ಟ್ರಾಸೌಂಡ್ ಒಂದೇ ಆದರೆ ಆರಂಭದ ಕ್ಯಾನ್ಸರ್ 100ರಲ್ಲಿ 45 ಸಿಗುತ್ತೆ, ಎಎಫ್‌ಪಿ ಸೇರಿಸಿದ್ರೆ 63. ಕೊಬ್ಬು ತುಂಬಿದ ಲಿವರ್, ದಪ್ಪ ಹೊಟ್ಟೆ ಇದ್ರೆ ಚಿತ್ರ ಮಂಜು ಮಂಜು. ಕೈ ಪಳಗಿದ ಡಾಕ್ಟರ್ ಬೇಕು. ನಮ್ಮ ಕಡೆ ‘ಸ್ಕ್ಯಾನಿಂಗ್’ ಅಂದ್ರೆ ಗರ್ಭಿಣಿಯರಿಗೆ ಅನ್ನೋದೇ ಮೊದಲು ತಲೆಗೆ ಬರೋದು. ಅರವತ್ತು ದಾಟಿದ ಅಜ್ಜ ಆ ಕ್ಯೂನಲ್ಲಿ ನಿಲ್ಲೋಕೇ ನಾಚಿಕೊಳ್ತಾರೆ.

ಮುಖ್ಯ ವಿಷಯ ಬೇರೆ. ಸ್ಕ್ಯಾನ್‌ಗೆ ಮನುಷ್ಯನೇ ಹೋಗಬೇಕು. ಅಜ್ಜಂಪುರದ ಹಳ್ಳಿಯಿಂದ ಬಸ್ ಹಿಡಿದು ತರೀಕೆರೆ, ಅಲ್ಲಿಂದ ಭದ್ರಾವತಿ ದಾಟಿ ಶಿವಮೊಗ್ಗ, ವಾಪಸ್. ಒಂದು ದಿನದ ಕೂಲಿ ಹೋಯ್ತು, ಜೊತೆಗೆ ಬಂದ ಮಗನದ್ದೂ ಹೋಯ್ತು. ರಕ್ತ ಹಾಗಲ್ಲ. ಹಳ್ಳಿಯಲ್ಲೇ ತೆಗೆದು, ಐಸ್ ಡಬ್ಬಿಯಲ್ಲಿ ಹಾಕಿ ಕಳಿಸಬಹುದು. ಒಳ್ಳೇ ಬ್ಲಡ್ ಮಾರ್ಕರ್ ಬೆಂಗಳೂರಿನವರಿಗೆ ಒಂದು ಅನುಕೂಲ ಅಷ್ಟೇ, ಅವರಿಗೆ ಎರಡು ಕಿಲೋಮೀಟರಿಗೆ ಒಂದು ಎಂಆರ್‌ಐ ಇದೆ. ನಮ್ಮಂಥ ತಾಲೂಕಿಗೆ ಅದು ಟೆಸ್ಟ್ ಆಗೋದಕ್ಕೂ ಆಗದೇ ಇರೋದಕ್ಕೂ ಇರೋ ವ್ಯತ್ಯಾಸ. ಅದಕ್ಕೇ ಇದು ಲ್ಯಾಬ್ ವಿಜ್ಞಾನಿಗಳ ವಿಷಯ ಅಂತ ಬಿಡೋಕಾಗಲ್ಲ.

6/9

ಹೊಸದು ಏನೇನಿದೆ? ಒಂದು, ಪಿವ್ಕಾ-2, ಇನ್ನೊಂದು ಹೆಸರು ಡಿಸಿಪಿ. ಗಾಯ ಆದಾಗ ರಕ್ತ ಹೆಪ್ಪುಗಟ್ಟೋಕೆ ಲಿವರ್ ಪ್ರೋಥ್ರಾಂಬಿನ್ ತಯಾರಿಸುತ್ತೆ, ಅದನ್ನ ಪೂರ್ಣಗೊಳಿಸೋಕೆ ವಿಟಮಿನ್ ಕೆ ಬೇಕು. ಕ್ಯಾನ್ಸರ್ ಕೋಶ ಈ ಕೊನೇ ಹಂತ ಬಿಟ್ಟು ಅರ್ಧಂಬರ್ಧ ಮಾಲು ಹೊರಗೆ ಕಳಿಸುತ್ತೆ. ಆ ಡಿಫೆಕ್ಟಿವ್ ಪೀಸೇ ಮಾರ್ಕರ್. 1984ರಲ್ಲೇ ಇದು ಲಿವರ್ ಕ್ಯಾನ್ಸರ್ ಗುರುತು ಅಂತ ವರದಿಯಾಯ್ತು. ವಾರ್ಫರಿನ್ ಮಾತ್ರೆ ತಗೊಳ್ಳೋರಲ್ಲಿ, ವಿಟಮಿನ್ ಕೆ ಕಮ್ಮಿ ಇರೋರಲ್ಲಿ ಇದೂ ಸುಳ್ಳು ಹೇಳುತ್ತೆ.

ಎರಡು, ಎಎಫ್‌ಪಿ-ಎಲ್3. ಕ್ಯಾನ್ಸರ್ ಕೋಶ ಮಾಡೋ ಎಎಫ್‌ಪಿಗೆ ಒಂದು ಸಕ್ಕರೆ ಕೊಂಡಿ ಜಾಸ್ತಿ ಅಂಟಿರುತ್ತೆ. ಅದನ್ನ ಹಿಡಿಯೋಕೆ ಬಳಸೋದು ಮಸೂರ್ ಬೇಳೆಯಲ್ಲಿರೋ ಒಂದು ಪ್ರೋಟೀನ್. ಹೌದು, ನಮ್ಮ ಚನ್ನಂಗಿ ಬೇಳೆ. (ಬೇಳೆ ತಿಂದ್ರೆ ಕ್ಯಾನ್ಸರ್ ಗೊತ್ತಾಗುತ್ತೆ ಅಂತ ರೀಲ್ ಮಾಡಬೇಡಿ, ಕೈ ಮುಗಿತೀನಿ.)

ಇವನ್ನೆಲ್ಲ ಸೇರಿಸಿ 2014ರಲ್ಲಿ ಬ್ರಿಟನ್ನಿನ ಫಿಲಿಪ್ ಜಾನ್ಸನ್ ತಂಡ ‘ಗಲಾಡ್’ ಸ್ಕೋರ್ ಮಾಡಿತು. ಗಲಾಟೆ ಅಲ್ಲ, ಗಲಾಡ್. ಐದು ಅಂಶ: ಗಂಡೋ ಹೆಣ್ಣೋ, ವಯಸ್ಸು, ಎಎಫ್‌ಪಿ-ಎಲ್3, ಎಎಫ್‌ಪಿ, ಡಿಸಿಪಿ. ಐದರಲ್ಲಿ ಎರಡು ಆಧಾರ್ ಕಾರ್ಡಲ್ಲೇ ಇವೆ ನೋಡಿ, ಖರ್ಚಿಲ್ಲ. ಒಂದೊಂದೇ ಮಾರ್ಕರಿಗಿಂತ ಐದೂ ಸೇರಿದ ಲೆಕ್ಕ ಚೆನ್ನಾಗಿ ಹಿಡಿಯುತ್ತೆ ಅಂತ ಹಲವು ದೇಶಗಳಲ್ಲಿ ಕಂಡಿದೆ.

ಇದನ್ನ ಓದುವಾಗ ನನಗೆ ನೆನಪಾಗಿದ್ದು ಆಲ್ಟ್‌ಮನ್ ಝಡ್-ಸ್ಕೋರ್. ಎಡ್ವರ್ಡ್ ಆಲ್ಟ್‌ಮನ್, 1968: ಐದು ರೇಶಿಯೋ, ಒಂದೊಂದಕ್ಕೆ ಒಂದು ತೂಕ, ಕೂಡಿಸಿದ್ರೆ ಕಂಪನಿ ದಿವಾಳಿ ಆಗುತ್ತೋ ಇಲ್ಲವೋ ಅಂತ ಹೇಳೋ ಒಂದು ಅಂಕಿ. ದಿವಾಳಿಯಾದ 33 ಕಂಪನಿ, ಆಗದ 33 ಕಂಪನಿ ಇಟ್ಟುಕೊಂಡು ಮಾಡಿದ್ದು. ಎಲ್ಲಾ ಅಮೆರಿಕದ ಉತ್ಪಾದನಾ ಕಂಪನಿಗಳು. ಅದೇ ಸೂತ್ರ ಬೇರೆ ತರದ ಕಂಪನಿಗೆ ನೇರ ಹಾಕಿದ್ರೆ ಆಗಲ್ಲ ಅಂತ ಆಲ್ಟ್‌ಮನ್ ತಾವೇ ಆಮೇಲೆ ಖಾಸಗಿ ಕಂಪನಿಗೆ ಒಂದು, ಉತ್ಪಾದನೆ ಮಾಡದ ಕಂಪನಿಗೆ ಒಂದು ಅಂತ ಬೇರೆ ಬೇರೆ ತೂಕ ಹಾಕಿಕೊಟ್ಟರು. ಗಲಾಡ್ ಕಥೆಯೂ ಅಷ್ಟೇ. ತೂಕ ಕಟ್ಟಿದ್ದು ಬ್ರಿಟನ್ನಿನ ರೋಗಿಗಳ ಮೇಲೆ. ನಮ್ಮಲ್ಲಿ ಲಿವರ್ ಕೆಡಿಸೋ ಕಾರಣಗಳ ಮಿಶ್ರಣ ಬೇರೆ: ಹೆಪಟೈಟಿಸ್ ಬಿ ಇದೆ, ಕುಡಿತ ಇದೆ, ಸಕ್ಕರೆ ಕಾಯಿಲೆ ಜೊತೆ ಬರೋ ಫ್ಯಾಟಿ ಲಿವರ್ ಇದೆ, ಬೂಷ್ಟು ಹಿಡಿದ ಮೆಕ್ಕೆಜೋಳ-ಶೇಂಗಾದ ಅಫ್ಲಾಟಾಕ್ಸಿನ್ ಇದೆ. ನಮ್ಮ ಜನರ ಮೇಲೆ ಅಳೆದು ತೂಕ ಸರಿಮಾಡದೆ ತಂದು ಹಾಕಿದರೆ ಅದು ಆಮದು ಮಾಡಿದ ಇನ್ನೊಂದು ಪೋಸ್ಟರ್ ಆಗುತ್ತೆ.

7/9

ಇಲ್ಲಿ ಪೇಪರ್-ಟಿವಿಯವರ ಮೇಲೂ ತಕರಾರಿದೆ. ‘ಒಂದೇ ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ!’ ಅನ್ನೋ ಸುದ್ದಿ ವರ್ಷಕ್ಕೆ ಎಷ್ಟು ಸಲ ಓದಿದ್ದೀರ? ಎಷ್ಟು ಬಂದವು ತರೀಕೆರೆ ಆಸ್ಪತ್ರೆಗೆ? ಬಹಳಷ್ಟು ಸಂಶೋಧನೆ ನಿಲ್ಲೋದು ಎಲ್ಲಿ ಅಂದ್ರೆ, ಗಡ್ಡೆ ದೊಡ್ಡದಾಗಿರೋ ರೋಗಿಗಳ ರಕ್ತವನ್ನ ಗಟ್ಟಿಮುಟ್ಟಾದ ಜನರ ರಕ್ತದ ಜೊತೆ ಹೋಲಿಸೋದರಲ್ಲಿ. ಮುಳುಗಿಹೋದ ಕಂಪನಿಯ ಬ್ಯಾಲೆನ್ಸ್ ಶೀಟನ್ನ ಇನ್ಫೋಸಿಸ್ ಜೊತೆ ಹೋಲಿಸಿದ ಹಾಗೆ. ಯಾವ ರೇಶಿಯೋ ತಗೊಂಡ್ರೂ ವ್ಯತ್ಯಾಸ ಕಾಣುತ್ತೆ. ಪರೀಕ್ಷೆ ಇರೋದು ಮುಂದಿನ ವರ್ಷ ಯಾರು ಮುಳುಗ್ತಾರೆ ಅಂತ ಈಗ ಹೇಳೋದರಲ್ಲಿ. ಅದಕ್ಕೆ ಸಿರೋಸಿಸ್, ಹೆಪಟೈಟಿಸ್ ಬಿ ಇರೋ ಸಾವಿರಾರು ಜನರ ರಕ್ತವನ್ನ ಆರಾರು ತಿಂಗಳಿಗೆ ತೆಗೆದಿಟ್ಟು, ವರ್ಷಗಟ್ಟಲೆ ಅವರ ಹಿಂದೆ ಬಿದ್ದು, ಕ್ಯಾನ್ಸರ್ ಆದವರ ಹಳೇ ರಕ್ತ ತೆಗೆದು ನೋಡಬೇಕು. ಬೇಜಾರಿನ ಕೆಲಸ. ರೀಲ್ ಆಗಲ್ಲ.

ನಮ್ಮ ರಾಜ್ಯಕ್ಕೆ ವಿಜ್ಞಾನ ಇಲ್ಲ ಅಂತೇನಿಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಾನವ ದೇಹದ ಪ್ರೋಟೀನ್‌ಗಳ ಕರಡು ನಕ್ಷೆ ಬಂತು, 17,294 ಜೀನ್‌ಗಳ ಪ್ರೋಟೀನ್ ಅದರಲ್ಲಿತ್ತು. ಆ ಕೆಲಸ ಮಾಡಿದ್ದು ಅಖಿಲೇಶ್ ಪಾಂಡೆಯವರ ತಂಡ: ಜಾನ್ಸ್ ಹಾಪ್ಕಿನ್ಸ್ ಮತ್ತು ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್. ಅವರು ನೋಡಿದ 30 ಮಾದರಿಗಳಲ್ಲಿ ಭ್ರೂಣದ ಲಿವರ್ ಕೂಡ ಇತ್ತು, ಎಎಫ್‌ಪಿ ಹುಟ್ಟೋ ಜಾಗ. ಕಿದ್ವಾಯಿ ಆಸ್ಪತ್ರೆಗೆ 50 ವರ್ಷ ದಾಟಿದೆ. ಯಂತ್ರ ಇದೆ, ತಲೆ ಇದೆ. ಕಡೂರಿನ ಒಬ್ಬ ಹೆಪಟೈಟಿಸ್ ರೋಗಿಯನ್ನ ಹತ್ತು ವರ್ಷ ಬಿಡದೆ ಹಿಂಬಾಲಿಸೋ ರಿಜಿಸ್ಟರ್ ಬೇಕು.

ಹಾಗಂತ ಹೊಸ ಮಾರ್ಕರ್ ಬರೋವರೆಗೂ ಕೂತ್ಕೊಳ್ಳಿ ಅಂತಲೂ ಅಲ್ಲ. ಶಾಂಘೈನಲ್ಲಿ ಹೆಪಟೈಟಿಸ್ ಇದ್ದ ಸುಮಾರು 19,000 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಇದೇ ಹಳೇ ಎಎಫ್‌ಪಿ ಮತ್ತು ಅಲ್ಟ್ರಾಸೌಂಡ್ ಮಾಡಿದರು. 2004ರಲ್ಲಿ ಬಂದ ಫಲಿತಾಂಶ: ಲಿವರ್ ಕ್ಯಾನ್ಸರ್ ಸಾವು 37% ಕಮ್ಮಿ. ಕರೆದವರಲ್ಲಿ ಎಷ್ಟೋ ಜನ ಸರಿಯಾಗಿ ಬರದೇ ಇದ್ದರೂ. ಕುಂಟೋ ಎತ್ತನ್ನೇ ಸಾಲು ಬಿಡದೆ ಹೂಡಿದರೆ ಹೊಲ ಆಗುತ್ತೆ. ಜಪಾನಿನಲ್ಲಿ ಮೂರೂ ಮಾರ್ಕರ್ ಸರ್ಕಾರಿ ವಿಮೆಯಲ್ಲೇ ಸಿಗುತ್ತೆ, ಅಲ್ಲಿ ಅರ್ಧಕ್ಕಿಂತ ಹೆಚ್ಚು ಕೇಸ್ ಆರಂಭದಲ್ಲೇ ಸಿಕ್ಕಿಬೀಳ್ತವೆ.

‘ದುಡ್ಡು ಎಲ್ಲಿಂದ’ ಅಂತೀರಾ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಂದ್ರೆ ಕಾಯಿಲೆ ಬೆಳೆದು ಆಸ್ಪತ್ರೆಗೆ ಸೇರಿದ ಮೇಲೆ ಕೊಡೋಕೆ ಹಣ ಇದೆ. ಆರಂಭದಲ್ಲಿ ಸಿಕ್ಕ ಗಡ್ಡೆ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ದಾಟ್ತಾರೆ. ಕೊನೇ ಹಂತದಲ್ಲಿ ಸಿಕ್ಕರೆ ಲೆಕ್ಕ ತಿಂಗಳಲ್ಲಿ. ಯಾವ ಖರ್ಚು ಬಂಡವಾಳ, ಯಾವುದು ನಷ್ಟ ಅಂತ ಫಸ್ಟ್ ಸೆಮ್ ಹುಡುಗನೂ ಹೇಳ್ತಾನೆ. ಮೂವತ್ತು ದಾಟಿದವರಿಗೆ ಸರ್ಕಾರ ಬಾಯಿ, ಸ್ತನ, ಗರ್ಭಕಂಠ, ಈ ಮೂರು ಕ್ಯಾನ್ಸರಿಗೆ ತಪಾಸಣೆ ಮಾಡುತ್ತೆ, ಒಳ್ಳೇದೇ. ಲಿವರಿಗೆ ಎಲ್ಲರ ತಪಾಸಣೆ ನಾನು ಕೇಳ್ತಿಲ್ಲ. ಅಪಾಯ ಇರೋರ ಪಟ್ಟಿ ಮಾಡಿ ಆರು ತಿಂಗಳಿಗೊಂದು ಮೆಸೇಜ್ ಹಾಕಿ. ಎಲ್‌ಐಸಿಯವರು ಅರ್ಧವಾರ್ಷಿಕ ಪ್ರೀಮಿಯಂಗೆ ತಪ್ಪದೇ ಹಾಕಲ್ವಾ?

8/9

ಇನ್ನು ನಮ್ಮವರ ವಿಷಯ. ಸರ್ಕಾರ, ಲ್ಯಾಬ್ ಮಾತ್ರ ಬೈದು ಜಾರಿಕೊಳ್ಳಲ್ಲ.

ಕಣ್ಣು ಹಳದಿಯಾದ್ರೆ ನಮ್ಮ ಕಡೆ ಮೊದಲು ಹೋಗೋದು ಕಾಮಾಲೆ ಔಷಧಿ ಕೊಡೋರ ಹತ್ತಿರ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ದಿನ, ಪಥ್ಯ, ಕೆಲವು ಕಡೆ ಕೈಗೆ ಬರೆ. ಕಾಮಾಲೆಯಲ್ಲಿ ಬಹಳಷ್ಟು ತಾನಾಗೇ ಇಳಿಯುತ್ತೆ, ಹೆಸರು ಔಷಧಿಗೆ ಬರುತ್ತೆ. ತಾನಾಗೇ ಇಳಿಯದ ಕಾಮಾಲೆಯವರು ಆ ಮೂರು ದಿನವನ್ನ ಮೂರು ತಿಂಗಳು ಮಾಡ್ಕೊಂಡು ಕೂರ್ತಾರೆ.

‘ನೆಲನೆಲ್ಲಿ ಮೇಲೆ ರಿಸರ್ಚ್ ಆಗಿದೆ’ ಅಂತ ಯಾರೋ ಬರೀತೀರ, ಗೊತ್ತು. ಆಗಿದೆ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ತಗೊಂಡ ಬರೂಕ್ ಬ್ಲೂಂಬರ್ಗ್ ಅವರೇ ಮದ್ರಾಸಿನ ತ್ಯಾಗರಾಜನ್ ತಂಡದ ಜೊತೆ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ್ದರು. ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಗಿತ್ತು. ಆಮೇಲೆ ಬೇರೆ ಬೇರೆ ದೇಶದಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ. ನೊಬೆಲ್ ಪಡೆದವರ ಹೆಸರಿದ್ದರೂ ಎರಡನೇ ಸಲ ಲೆಕ್ಕ ಟ್ಯಾಲಿ ಆಗಲಿಲ್ಲ ಅಂತ ಬಿಟ್ಟರು. ನಮ್ಮ ರೀಲ್‌ಗಳು ಇನ್ನೂ 1988ರಲ್ಲೇ ಇವೆ.

ಆಮೇಲೆ ಮುಚ್ಚಿಡೋದು. ಹೆಪಟೈಟಿಸ್ ಬಿ ಅಂದ್ರೆ ಹೆಣ್ಣು ಕೊಡಲ್ಲ, ತಟ್ಟೆ ಬೇರೆ ಇಡ್ತಾರೆ ಅನ್ನೋ ಭಯ. ಒಟ್ಟಿಗೆ ಊಟ ಮಾಡಿದ್ರೆ, ಲೋಟ ಹಂಚಿಕೊಂಡ್ರೆ, ತಬ್ಬಿಕೊಂಡ್ರೆ ಇದು ಬರಲ್ಲ. ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ, ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಬರುತ್ತೆ. ಬದಲಾಯಿಸದ ಬ್ಲೇಡಿಂದ, ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಹಾಕೋ ಟ್ಯಾಟೂಯಿಂದ ಬರಬಹುದು. ಟ್ಯಾಟೂ ಫೋಟೋ ಹಾಕಿದವರ ಹೆಸರು ಟ್ಯಾಗ್ ಮಾಡಲ್ಲ, ನಿಮಗೇ ಗೊತ್ತು.

9/9

‘ಹಾಗಾದ್ರೆ ನಾನು ಯಾವ ಟೆಸ್ಟ್ ಮಾಡಿಸ್ಲಿ?’ ಇದನ್ನೇ ಜಾಸ್ತಿ ಜನ ಕೇಳಿದ್ದು.

ಲಿವರ್ ತೊಂದರೆ ಏನೂ ಇಲ್ಲದ ಇಪ್ಪತ್ತರ ಹುಡುಗ ಹುಡುಗಿಗೆ ಎಎಫ್‌ಪಿ ಬೇಡ. ಉಚಿತ ಅಂದ್ರೂ ಬೇಡ. ಬೇಕಾಗಿರೋದು ಎಚ್‌ಬಿಎಸ್‌ಎಜಿ, ಅಂದ್ರೆ ಹೆಪಟೈಟಿಸ್ ಬಿ ಇದೆಯಾ ಅಂತ ನೋಡೋ ಟೆಸ್ಟ್, ಜೀವನದಲ್ಲಿ ಒಂದು ಸಲವಾದ್ರೂ. 2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಟೆಸ್ಟೂ ಉಚಿತ, ಬಂದಿದ್ರೆ ಔಷಧಿಯೂ ಉಚಿತ. (ಆ ತಾರೀಖು ಬ್ಲೂಂಬರ್ಗ್ ಹುಟ್ಟಿದ ದಿನ.) ಪಾಸಿಟಿವ್ ಬಂದ್ರೆ ಹೆದರಬೇಡಿ, ಆದರೆ ನಮ್ಮ ದೊಡ್ಡಪ್ಪನ ತರ ಸುಮ್ಮನೂ ಆಗಬೇಡಿ. ಮುಂದಿನ ಟೆಸ್ಟ್ ಏನು, ಎಷ್ಟು ದಿನಕ್ಕೆ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಮನೆಯವರಿಗೂ ಟೆಸ್ಟ್ ಮಾಡಿಸಿ.

ನೆಗೆಟಿವ್ ಬಂದ್ರೆ ಲಸಿಕೆ. ಮಕ್ಕಳಿಗೆ ಹಾಕೋ ಸರ್ಕಾರಿ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಇಡೀ ದೇಶಕ್ಕೆ ಸೇರಿದ್ದು 2011ರಲ್ಲಿ, ಅಷ್ಟೊತ್ತಿಗೆ ನಾವು ಒಂದನೇ ಕ್ಲಾಸಿನ ಹತ್ತಿರ ಬಂದಿದ್ವಿ. ನಮ್ಮ ಬ್ಯಾಚಲ್ಲಿ ಕೆಲವರಿಗೆ ಬಿದ್ದಿರುತ್ತೆ, ಕೆಲವರಿಗೆ ಇಲ್ಲ. ಅಮ್ಮನ ಹತ್ತಿರ ತಾಯಿ ಕಾರ್ಡ್ ಕೇಳಿ ನೋಡಿ. ಇಲ್ಲದಿದ್ರೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರನೇ ತಿಂಗಳಿಗೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸೋಕೆ ಶುರು ಮಾಡಿದ ಮೇಲೆ ಇದರ ರೇಟು ಬಿದ್ದುಹೋಗಿದೆ. ತೈವಾನ್ 1984ರಿಂದ ನವಜಾತ ಶಿಶುಗಳಿಗೆ ಹಾಕೋಕೆ ಶುರು ಮಾಡ್ತು, ಆಮೇಲೆ ಅಲ್ಲಿ 6ರಿಂದ 14 ವಯಸ್ಸಿನ ಮಕ್ಕಳ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳೀತು. ಲಿವರ್ ಕ್ಯಾನ್ಸರಿಗೆ ಇದಕ್ಕಿಂತ ಅಗ್ಗದ ಪ್ಯಾಕೇಜ್ ಯಾವ ಲ್ಯಾಬೂ ಕೊಡಲ್ಲ.

ಕೊನೇದಾಗಿ ಒಂದು ಕೆಲಸ ಇದೆ. ಮುಂದಿನ ರಕ್ತದಾನ ಶಿಬಿರ ಕಾಲೇಜಲ್ಲಿ ಆದಾಗ ಎನ್‌ಎಸ್‌ಎಸ್ ಟೇಬಲ್ ಹತ್ತಿರ ನಾವು ನಾಲ್ಕು ಜನ ಹೋಗಿ ಕೇಳೋಣ ಅಂತಿದ್ದೀವಿ: ಟೆಸ್ಟಲ್ಲಿ ಏನಾದ್ರೂ ಬಂದ್ರೆ ದಾನಿಗೆ ಯಾರು ಹೇಳ್ತೀರ, ಗುಟ್ಟಾಗಿ ಹೇಳ್ತೀರ ತಾನೆ, ಹೇಳಿದ ಮೇಲೆ ಯಾವ ಡಾಕ್ಟರ್ ಹತ್ತಿರ ಕಳಿಸ್ತೀರ? ಉತ್ತರ ಲಿಖಿತವಾಗಿ ಬೇಕು ಅಂತ ಅರ್ಜಿ ಬರೆದಾಗಿದೆ. ತರೀಕೆರೆ, ಅಜ್ಜಂಪುರ ಕಾಲೇಜಿನವರು ನಿಮ್ಮ ಶಿಬಿರದಲ್ಲೂ ಕೇಳೋದಾದ್ರೆ ಡಿಎಂ ಮಾಡಿ, ಅರ್ಜಿ ಕಾಪಿ ಕಳಿಸ್ತೀನಿ.

#ಕಡೂರು #ತರೀಕೆರೆ #ಅಜ್ಜಂಪುರ #ಬಿಕಾಂಲೆಕ್ಕ